ಗಸಗಸೆ ಹಾಕಿದ ಉಂಡೆ

"ಅದಕ್ಕೆ ಗಸಗಸೆ ಹಾಕಿದಾಳಾ ಚಿಕ್ಕಮ್ಮ?"

ರಂಜನಿ ಅಕ್ಕ ಹೀಗೆ ಕೇಳಿದಾಗ ಶ್ರೀಶೈಲ ಅಬುಧಾಬಿಯ ಹೋಟೆಲ್ ರೂಮಿನ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಫೋನಿನಲ್ಲಿ ನಗುತ್ತಿದ್ದ.

"ಮತ್ತೆ? ಗಸಗಸೆ ಇಲ್ದೆ ಅಂಟಿನುಂಡೆ ಮಾಡ್ತಾರಾ ಅಕ್ಕ? ಅಂಟು, ಕೊಬ್ಬರಿ, ಉತ್ತುತ್ತೆ, ಒಣಶುಂಠಿ, ಗಸಗಸೆ, ಎಲ್ಲಾ ಬಿದ್ದಿದೆ. ಒಂದ್ ಉಂಡೆ ತಿಂದ್ರೆ ಎದ್ದು ಓಡಾಡ್ತೀಯ ನೋಡು. ಅಡ್ರೆಸ್ ಕಳ್ಸು, ಈಗ್ಲೇ ಟ್ಯಾಕ್ಸಿ ಹತ್ತೀನಿ."

ಆ ಕಡೆ ಎಳೆ ಮಗು ಒಂದು ಸಲ ಕುಂಯ್ ಎಂದಿತು. ಆಮೇಲೆ ಫೋನು ಕೈಬದಲಾದ ಸದ್ದು. ಅಕ್ಕನ ಗಂಡ ಉದಯಕುಮಾರನ ದನಿ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ ಹಾಗೆ.

"ಶ್ರೀಶೈಲ, ಸರಿಯಾಗಿ ಕೇಳಿಸ್ಕೊಳಿ. ಈ ದೇಶದಲ್ಲಿ ಗಸಗಸೆ ಅಂದ್ರೆ ಡ್ರಗ್ಸ್. ಅಫೀಮು ಗಿಡದ ಬೀಜ ಅದು. ಸಿಕ್ಕಿದ್ರೆ ಜೈಲು. ಯಾರು ಕೊಟ್ರು, ಯಾರಿಗೆ ಕೊಡ್ತೀರ, ಎಲ್ಲಾ ಕೇಳ್ತಾರೆ. ನೀವು ನಮ್ಮ ಬಿಲ್ಡಿಂಗ್ ಹತ್ರ ಬರ್ಬೇಡಿ."

"ಭಾವ, ತಮಾಷೆ ಮಾಡ್ತಾ ಇದೀರಾ?"

"ನನ್ನ ಕೆಲಸ ಹೋಗತ್ತೆ ಕಣ್ರೀ. ಹಸುಗೂಸು ಇದೆ ಮನೇಲಿ. ಈ ನಂಬರಿಗೆ ಫೋನ್ ಮಾಡ್ಬೇಡಿ. ದಯವಿಟ್ಟು."

ಫೋನು ಕಟ್ಟಾಯಿತು. ಶ್ರೀಶೈಲನ ಮುಖದ ಮೇಲೆ ನಗು ಇನ್ನೂ ಉಳಿದಿತ್ತು, ಬಿಚ್ಚುವುದು ಮರೆತ ತೋರಣದ ಹಾಗೆ. ಅವನು ಡಬ್ಬಿಯನ್ನು ನೋಡಿದ. ಅಮ್ಮ ಅದಕ್ಕೆ ಹಳೇ ಪಂಚೆಯ ತುಂಡು ಸುತ್ತಿ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದ್ದಳು. ಆ ಗಂಟೇ ಈಗ ಬಾಂಬಿನ ಹಾಗೆ ಕಂಡಿತು.

ಫೋನಿನಲ್ಲಿ ಕನ್ನಡದಲ್ಲೇ ಹುಡುಕಿದ. ಹುಡುಕುವಾಗಲೇ, ಹುಡುಕಿದ್ದೂ ಯಾರಿಗಾದರೂ ಗೊತ್ತಾಗುತ್ತದೇನೋ ಎಂದು ಪರದೆಗೆ ಅಂಗೈ ಮರೆ ಹಿಡಿದ. ಉದಯಕುಮಾರ ಸುಳ್ಳು ಹೇಳಿರಲಿಲ್ಲ. ತರಬಾರದ ಸಾಮಾನುಗಳ ಸಾಲಿನಲ್ಲಿ ಗಾಂಜಾ, ಅಫೀಮಿನ ಜೊತೆಜೊತೆಗೆ ಗಸಗಸೆ ಕೂತಿತ್ತು. ಯುಗಾದಿಗೆ ಪಾಯಸ ಮಾಡಿ ಕುಡಿಯುವ ಗಸಗಸೆ. ಗೋವಿಂದರಾಜನಗರದ ತಮ್ಮ ಹಿಟ್ಟಿನ ಮಿಲ್ಲಿಗೆ ಹೆಂಗಸರು ಬಾಣಂತಿ ಪುಡಿಗೆಂದು ಒಣಶುಂಠಿ, ಮೆಣಸಿನ ಜೊತೆ ತರುವ ಗಸಗಸೆ. ಅವನೇ ಎಷ್ಟು ಸಲ ಅದನ್ನು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡಿದ್ದ.

ನಿನ್ನೆ ಏರ್‌ಪೋರ್ಟಿನಲ್ಲಿ ಇದೇ ಬ್ಯಾಗು ಮೆಷಿನ್ನಿನೊಳಗೆ ಹೋಗಿ ಈಚೆ ಬಂದಿತ್ತು. ಪರದೆಯ ಮುಂದೆ ಕೂತಿದ್ದವನು ಆಕಳಿಸುತ್ತ ಕೈಬೀಸಿ 'ಹೋಗು' ಅಂದಿದ್ದ. ಅವನು ಆಕಳಿಸದೆ ಇದ್ದಿದ್ದರೆ?

ಈ ದೇಶಕ್ಕೆ ಅವನನ್ನು ತಂದದ್ದು ಹಟ. ಚಿಕ್ಕಪ್ಪನ ಮಗ ಭೈರೇಶ್ ಮತ್ತವನ ಗ್ಯಾಂಗು ಬ್ಯಾಂಕಾಕಿಗೆ ಹೊರಟಾಗ ಇವನೊಬ್ಬನನ್ನು ಬಿಟ್ಟಿದ್ದರು. "ನೀನ್ ಬೇಡ ಮಗಾ, ಇಮಿಗ್ರೇಷನ್‌ನಲ್ಲಿ ಇಂಗ್ಲಿಷಲ್ಲಿ ಕೇಳ್ತಾರೆ, ನೀನು ಬೆ ಬೆ ಬೆ ಅಂತೀಯ, ನಿನ್ ಜೊತೆ ನಮ್ಮನ್ನೂ ವಾಪಸ್ ಕಳಿಸ್ತಾರೆ" ಎಂದು ಭೈರೇಶ್ ಮಿಲ್ಲಿನ ಮುಂದೆ ಹತ್ತು ಜನರ ಎದುರಿಗೆ ಹೇಳಿ ನಕ್ಕಿದ್ದ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಜೀವನಪೂರ್ತಿ ಈ ಮಾತು ಕೇಳುವ ಶಿಕ್ಷೆ. ಶ್ರೀಶೈಲ ಆವತ್ತು ರೇಗಿಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಕಾಲರು ಹಿಡಿದಿದ್ದ. ಆಮೇಲೆ ಪಾಸ್‌ಪೋರ್ಟು ಮಾಡಿಸಿದ. ದುಬೈಗೆ ಎಲ್ಲರೂ ಹೋಗುತ್ತಾರೆ, ತಾನು ಆ ದೇಶದ ರಾಜಧಾನಿಗೇ ಹೋಗುತ್ತೇನೆ, ಒಬ್ಬನೇ ಹೋಗುತ್ತೇನೆ ಎಂದು ಬೀದಿಯಲ್ಲೆಲ್ಲ ಸಾರಿದ. ರಂಜನಿ ಅಕ್ಕ, ಎಂದರೆ ತೀರಿಹೋದ ದೊಡ್ಡಮ್ಮನ ಮಗಳು ಶಿವರಂಜನಿ, ಅಲ್ಲೇ ಹೆತ್ತು ಮಲಗಿದ್ದಾಳೆಂದು ಗೊತ್ತಿದ್ದರಿಂದ ಅಮ್ಮನೂ ಒಪ್ಪಿದಳು. "ತಾಯಿಲ್ಲದ ಹುಡುಗಿ. ಬಾಣಂತನ ನಾನ್ ಮಾಡ್ಬೇಕಿತ್ತು. ನನ್ ಮಂಡಿ ನೋಡಿದ್ರೆ ಹಿಂಗೆ" ಎಂದು ಕಣ್ಣೊರೆಸಿಕೊಳ್ಳುತ್ತ ಒಲೆ ಮುಂದೆ ಕೂತು ಅಂಟು ಹುರಿದಿದ್ದಳು.

ಶ್ರೀಶೈಲ ಡಬ್ಬಿ ಹಿಡಿದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದ. ಗಂಟು ಬಿಚ್ಚಿದ. ತುಪ್ಪ, ಶುಂಠಿ, ಬೆಲ್ಲದ ವಾಸನೆ ಆ ಬಿಳೀ ಟೈಲ್ಸಿನ ಕೋಣೆಯೊಳಗೆ ಮನೆಯ ಅಡುಗೆಕೋಣೆಯನ್ನೇ ತಂದು ನಿಲ್ಲಿಸಿತು. ಒಂದು ಉಂಡೆ ತೆಗೆದು ಕಮೋಡಿಗೆ ಬಿಟ್ಟು ಫ್ಲಶ್ ಒತ್ತಿದ. ನೀರು ಭೋರ್ ಎಂದಿತು. ಉಂಡೆ ಒಂದು ಸುತ್ತು ಸುತ್ತಿ ಅಲ್ಲೇ ಕೂತಿತು. ಎರಡನೇ ಸಲಕ್ಕೆ ಒಡೆಯಿತು. ಕೊಬ್ಬರಿ ತೇಲಿತು, ತುಪ್ಪ ಕಣ್ಣುಕಣ್ಣಾಗಿ ಹರಡಿತು. ಗಸಗಸೆ ಮಾತ್ರ ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ. ತುಪ್ಪದ ಜಿಡ್ಡಿಗೆ ಅಂಟಿಕೊಂಡು ಕಮೋಡಿನ ಗೋಡೆಯ ಸುತ್ತ ಕೂತುಬಿಟ್ಟಿತು. ಟಿಶ್ಯೂ ತಗೊಂಡು ಒರೆಸಿದ. ಒರೆಸಿದ ಕಡೆ ಹೋಯಿತು, ಪಕ್ಕದಲ್ಲಿ ಕಾಣಿಸಿತು. ಮಂಡಿಯೂರಿ, ಮೊಣಕೈವರೆಗೂ ಒಳಗೆ ಹಾಕಿ, ಉಗುರಿನಲ್ಲಿ ಒಂದೊಂದೇ ಕೆರೆದ.

ಬಾಗಿಲು ಬಡಿದ ಸದ್ದು. "ಹೌಸ್‌ಕೀಪಿಂಗ್!"

"ನೋ! ನೋ ಬೇಡ! ನೋ!" ಎಂದು ಕಿರುಚಿದ. ತನ್ನ ದನಿ ತನಗೇ ಕಳ್ಳನ ದನಿಯಂತೆ ಕೇಳಿಸಿತು. ಹೊರಗಿನ ಹೆಂಗಸು "ಓಕೆ ಸಾರ್, ಲೇಟರ್ ಸಾರ್" ಎಂದು ಗಾಲಿಯ ತಳ್ಳುಗಾಡಿಯನ್ನು ಮುಂದೆ ತಳ್ಳಿಕೊಂಡು ಹೋದಳು. ಲೇಟರ್ ಅಂದರೆ ಆಮೇಲೆ ಬರುತ್ತಾಳೆ. ಬಂದು ಬಾತ್‌ರೂಮು ತೊಳೆಯುತ್ತಾಳೆ, ಬ್ಯಾಗು ಎತ್ತಿಡುತ್ತಾಳೆ.

ಉಳಿದ ಉಂಡೆಗಳ ಡಬ್ಬಿಗೆ ಮತ್ತೆ ಗಂಟು ಹಾಕಿ, ಬೆನ್ನಿಗೆ ಹಾಕುವ ಬ್ಯಾಗಿನ ತಳದಲ್ಲಿಟ್ಟು, ಮೇಲೆ ಟವೆಲ್ಲು ತುರುಕಿಕೊಂಡು ಹೊರಬಿದ್ದ. ಕೆಳಗೆ ರಿಸೆಪ್ಷನ್ನಿನಲ್ಲಿದ್ದ ಮಲಯಾಳಿ ಅಣ್ಣ "ಸೈಟ್‌ಸೀಯಿಂಗ್?" ಎಂದು ನಕ್ಕ. ಇವನೂ ನಕ್ಕ. ದವಡೆ ನೋವು ಬರುವಷ್ಟು ನಕ್ಕ.

ಬೀದಿಗೆ ಬಂದು ಸ್ವಲ್ಪ ದೂರ ನಡೆದು, ಬಸ್‌ಸ್ಟಾಪಿನ ನೆರಳಲ್ಲಿ ನಿಂತು ಅಮ್ಮನಿಗೆ ಫೋನು ಹಚ್ಚಿದ. ಹಿಂದೆ ಮಿಲ್ಲಿನ ಬೆಲ್ಟು ಪಟಪಟ ಬಡಿಯುತ್ತಿದ್ದದ್ದು ಕೇಳಿಸಿತು.

"ಕೊಟ್ಯೇನೋ ಉಂಡೇನ? ತಿಂದ್ಳಾ?"

"ಅಮ್ಮಾ, ಆ ಸಾಮಾನು ಇಲ್ಲಿ ತರಂಗಿಲ್ವಂತೆ."

"ಯಾವ ಸಾಮಾನು?"

"ಅದೇ, ಡಬ್ಬೀಲಿರೋದು. ಅದರೊಳಗೆ ಬಿಳೀದು ಹಾಕಿದೀಯಲ್ಲ, ಅದು."

"ಬಿಳೀದಾ? ಕೊಬ್ಬರೀನಾ?"

"ಅದಲ್ಲಮ್ಮ. ಚಿಕ್ಕದು. ಕಾಳು."

"ಓ, ಗಸ—"

"ಹೆಸರು ಹೇಳ್ಬೇಡಮ್ಮಾ!"

ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಶ್ರೀಶೈಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಯಾಕೋ ಹಂಗೆ ಅರಚ್ತೀಯ? ಅದಕ್ಕೇನಾಗಿದೆ? ವಿಜಯನಗರದ ಅಂಗಡೀಲಿ ನಾನೇ ಹೋಗಿ ಹೊಸಾದು ತಂದಿದೀನಿ. ಹುಳ ಗಿಳ ಬಿದ್ದಿತ್ತಾ?"

"ಜೈಲಿಗೆ ಹಾಕ್ತಾರಂತಮ್ಮ."

"ಯಾರನ್ನ?"

"ನನ್ನ!"

ಅಮ್ಮ ಶಿವಗಂಗಮ್ಮ ಮೊದಲು ನಕ್ಕಳು. ಆಮೇಲೆ, "ಹೋಗೋ, ಬಾಣಂತಿ ತಿನ್ನೋ ಪದಾರ್ಥಕ್ಕೆ ಜೈಲಾ? ಯಾರೋ ನಿನ್ನ ಆಟ ಆಡಿಸ್ತಾ ಇದಾರೆ. ಆ ಭೈರೇಶಂದೇ ಕೆಲಸ. ನೀನು ಸುಮ್ನೆ ಹೋಗಿ ಕೊಟ್ಟು ಬಾ. ಪಾಪ, ಆ ಹುಡುಗಿ ಕಾಯ್ತಾ ಇರತ್ತೆ" ಎಂದಳು. ಶ್ರೀಶೈಲನಿಗೆ ಅಳು ಬಂತು. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಸಿಟ್ಟು ಬರಲಿಲ್ಲ. ಹೆದರಿಕೆಯಾದಾಗಲೆಲ್ಲ ಅವನನ್ನು ಕಾಪಾಡಿಕೊಂಡು ಬಂದದ್ದೇ ಸಿಟ್ಟು. ಇವತ್ತು ಅದೂ ಕೈಕೊಟ್ಟಿತ್ತು.

ಎಸೆಯಬೇಕು. ಎಲ್ಲಿ? ಮಾಗಡಿ ರಸ್ತೆಯಲ್ಲಾದರೆ ಸತ್ತ ಎಮ್ಮೆಯನ್ನು ಎಸೆದು ಬಂದರೂ ಕೇಳುವವರಿಲ್ಲ. ಇಲ್ಲಿ ಬೀದಿಯಲ್ಲಿ ಒಂದು ಬೀಡಿ ತುಂಡಿಲ್ಲ. ಕಸದ ಡಬ್ಬಗಳು ದೇವರ ಮುಂದಿನ ಕಳಸದ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಕಂಬ, ಕಂಬದ ಮೇಲೆ ಕ್ಯಾಮೆರಾ. ಒಂದು ಡಬ್ಬದ ಹತ್ತಿರ ಹೋಗಿ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ. ಹಸಿರು ಬಟ್ಟೆಯ ಕಸ ತೆಗೆಯುವವನೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಡಬ್ಬದ ಮುಚ್ಚಳ ತೆಗೆದು ಹಿಡಿದು, ಹಾಕಿ ಎಂಬಂತೆ ಕಾದ. ಶ್ರೀಶೈಲ ಬ್ಯಾಗಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು ಮುಂದೆ ನಡೆದ.

ಊರು ನೋಡಲೆಂದು ಬಂದವನು ಊರನ್ನು ನೋಡಿದ್ದು ಹೀಗೆ. ಗಾಜಿನ ಕಟ್ಟಡಗಳು ಕಂಡವು. ಒಂದೊಂದರ ಬಾಗಿಲಲ್ಲೂ ಸೆಕ್ಯುರಿಟಿಯವನು. ಖರ್ಜೂರದ ಮರಗಳು ಸಾಲಾಗಿ ಬಂದವು. ಅವುಗಳ ಬುಡದಲ್ಲಿ ಮಣ್ಣು ಕಂಡು ಆಸೆಯಾಯಿತು, ಅಲ್ಲೂ ಒಬ್ಬ ಪೈಪು ಹಿಡಿದು ನಿಂತಿದ್ದ. ಕೊನೆಗೆ ಟ್ಯಾಕ್ಸಿ ಹತ್ತಿ ದೊಡ್ಡ ಮಸೀದಿಗೆ ಹೋದ. ಅವನು ಬಂದದ್ದರಲ್ಲಿ ಅರ್ಧ ಅದನ್ನು ನೋಡಲೆಂದೇ. ಅದರ ಮುಂದೆ ನಿಂತ ಫೋಟೋ ಒಂದು ಭೈರೇಶನ ಮುಖಕ್ಕೆ ಹಿಡಿದರೆ ಸಾಕಿತ್ತು. ಬಿಸಿಲಲ್ಲಿ ಆ ಬಿಳಿ ಗುಮ್ಮಟಗಳು ಕಣ್ಣು ಕೋರೈಸಿದವು. ಎಷ್ಟು ಚೆನ್ನಾಗಿತ್ತೆಂದರೆ, ಒಂದು ಗಳಿಗೆ ಅವನು ಡಬ್ಬಿಯನ್ನು ಮರೆತ. ಜನರ ಜೊತೆ ಸಾಲಿನಲ್ಲಿ ನಡೆದ. ನಡೆಯುತ್ತ ನಡೆಯುತ್ತ ಮುಂದೆ ಕಂಡಿತು: ಬ್ಯಾಗುಗಳನ್ನು ನುಂಗಿ ಆ ಕಡೆ ಉಗುಳುವ ಮೆಷಿನ್ನು.

ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಭೈರೇಶನ ವಿಡಿಯೋ ಕಾಲು. ಕಟ್ ಮಾಡಲು ಹೋಗಿ ಬೆವರಿದ ಬೆರಳು ಹಸಿರು ಒತ್ತಿತು.

"ಏನ್ ಗುರೂ, ಶೇಖ್ ಆಗ್ಬಿಟ್ಯಾ! ಮುಖ ಯಾಕೋ ಸುಟ್ಟ ಬದನೆಕಾಯಿ ಥರ ಆಗಿದೆ? ಹಿಂದೆ ಏನದು ಬಿಳೀದು, ತೋರ್ಸು ತೋರ್ಸು."

"ಆಮೇಲ್ ಮಾಡ್ತೀನಿ ಮಗಾ."

"ಹೆದರ್ಕೊಂಡಿದೀಯ ಅನ್ಸತ್ತೆ? ಇಂಗ್ಲಿಷಲ್ಲಿ ಏನಾದ್ರೂ ಕೇಳ್ಬಿಟ್ರಾ?" ಹಿಂದಿನಿಂದ ಯಾರೋ ಕಿಸಕ್ಕೆಂದರು.

ಶ್ರೀಶೈಲ ಕಾಲ್ ಕಟ್ ಮಾಡಿ ಸಾಲಿನಿಂದ ಈಚೆಗೆ ಬಂದು ಬಂದ ದಾರಿಯಲ್ಲೇ ತಿರುಗಿ ನಡೆದ. ಓಡಬಾರದು, ಓಡಿದರೆ ಅನುಮಾನ ಬರುತ್ತದೆ ಎಂದು ಹೇಳಿಕೊಳ್ಳುತ್ತಲೇ ಕಾಲು ಓಡತೊಡಗಿತು. ಹಿಂದಿನಿಂದ ದನಿ: "ಸಾರ್! ಹಲೋ! ಸಾರ್!" ಶ್ರೀಶೈಲ ನಿಂತುಬಿಟ್ಟ. ಯೂನಿಫಾರ್ಮಿನ ಕಾವಲಿನವನು ಏದುಸಿರು ಬಿಡುತ್ತ ಬಂದು ಕೈ ಚಾಚಿದ. ಕೈಯಲ್ಲಿ ಶ್ರೀಶೈಲನ ಕರವಸ್ತ್ರವಿತ್ತು. ಸಾಲಿನಲ್ಲಿ ಬೀಳಿಸಿಕೊಂಡಿದ್ದ. ಅದನ್ನು ಈಸಿಕೊಂಡು ಥ್ಯಾಂಕ್ಸ್ ಹೇಳುವ ಬದಲು ಕೈಮುಗಿದ.

ರಸ್ತೆಯ ಆಚೆ ಕಲ್ಲುಬೆಂಚಿನ ಮೇಲೆ ಕೂತು ಬಿಸಿಲು ಇಳಿಯುವವರೆಗೂ ಎದ್ದೇಳಲಿಲ್ಲ. ಬ್ಯಾಗನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದ. ನಾಳೆ ವಾಪಸ್ ವಿಮಾನ. ಅಲ್ಲಿಯೂ ಮೆಷಿನ್ನು. ಹೋಟೆಲಿನಲ್ಲಿ ಆ ಹೆಂಗಸು ಇಷ್ಟು ಹೊತ್ತಿಗೆ ಬಾತ್‌ರೂಮು ತೊಳೆದಿರಬಹುದು. ಪೊಲೀಸರು ರೂಮಿನಲ್ಲಿ ಕೂತು ಕಾಯುತ್ತಿರಬಹುದು. ಅಪ್ಪ ಚನ್ನವೀರಪ್ಪ ಮಿಲ್ಲು ಮಾರಿ ವಕೀಲರ ಹಿಂದೆ ಅಲೆಯುವುದು ಕಣ್ಣಿಗೆ ಕಟ್ಟಿತು.

ಆಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿ ಕಿವಿಗೆ ಒತ್ತಿಕೊಂಡ.

"ಶೈಲೂ? ನಾನು ಕಣೋ. ಪಕ್ಕದ್ಮನೆ ಆಂಟಿ ಫೋನು. ಎಸೆದ್ಬಿಟ್ಯಾ?"

"ಇನ್ನೂ ಇಲ್ಲ ಅಕ್ಕ. ಎಲ್ಲಿ ಎಸೀಲಿ? ನಂಗೆ ಭಯ ಆಗ್ತಿದೆ ಅಕ್ಕ."

"ಎಸೀಬೇಡ. ಕಾರ್ನಿಷ್ ಅಂತ ಇದೆ, ಸಮುದ್ರದ ದಡ. ಟ್ಯಾಕ್ಸಿಯವನಿಗೆ ಹೇಳು, ಗೊತ್ತಿರತ್ತೆ. ಮಕ್ಕಳು ಆಡೋ ಜಾಗದ ಎದುರಿಗೆ ಬೆಂಚಿದೆ. ಪಾಪೂಗೆ ಗಾಳಿ ಕುಡಿಸ್ಕೊಂಡ್ ಬರ್ತೀನಿ ಅಂತ ಆಂಟಿಗೆ ಹೇಳಿ ಬರ್ತೀನಿ."

"ಬೇಡ ಅಕ್ಕ! ಭಾವ—"

"ಭಾವ ಆಫೀಸಿಂದ ಬರೋದು ಲೇಟು. ನೀನು ಬಾ."

ಅವನು ಕಾರ್ನಿಷಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅವಳು ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು, ಕಿವಿಗೆ ಸ್ಕಾರ್ಫ್ ಬಿಗಿದುಕೊಂಡು ಬಂದಳು. ಮದುವೆಯಲ್ಲಿ ನೋಡಿದ್ದ ರಂಜನಿ ಅಕ್ಕ ಅಲ್ಲವೇ ಅಲ್ಲ ಎನ್ನುವಷ್ಟು ಇಳಿದುಹೋಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ನಡೆಯುವಾಗ ಒಂದು ಕೈ ಸೊಂಟದ ಮೇಲೆ. ಹತ್ತಿರ ಬಂದು ಕೂತವಳು ಹೇಗಿದೀಯ ಎಂದೂ ಕೇಳಲಿಲ್ಲ.

"ತೆಗಿ."

"ಅಕ್ಕ, ನಿಂಗೆ ಬುದ್ಧಿ ಇದೆಯಾ? ಇಲ್ಲಿ ಸುತ್ತ ಜನ."

"ಜನ ಇದ್ರೆ ಒಳ್ಳೇದೇ ಕಣೋ. ಯಾರೂ ನೋಡಲ್ಲ. ತೆಗಿ ಅಂದೆ."

"ಭಾವ ಹೇಳಿದ್ದು ಸುಳ್ಳಾ ಹಂಗಾದ್ರೆ?"

"ಸುಳ್ಳಲ್ಲ. ಅವ್ರು ಹೇಳಿದ್ದೆಲ್ಲಾ ನಿಜ. ನಂಗೂ ಭಯ ಇದೆ." ಅವಳು ತಳ್ಳುಗಾಡಿಯನ್ನು ಹತ್ತಿರಕ್ಕೆಳೆದುಕೊಂಡಳು. "ಹೆತ್ತಾಗಿಂದ ಓಟ್ಸ್ ತಿಂತಾ ಇದೀನಿ ಶೈಲೂ. ಓಟ್ಸ್! ಬೆಳಿಗ್ಗೆ ಎದ್ರೆ ಓಟ್ಸು. ಮೈ ಕೈ ಹಿಡಿದು ಒಬ್ರು ಬಿಸಿನೀರು ಹಾಕ್ಲಿಲ್ಲ. ನಮ್ಮಮ್ಮ ಇದ್ದಿದ್ರೆ..." ಅವಳು ಬ್ಯಾಗಿನ ಕಡೆ ನೋಡಿದಳು. "ಒಂದೇ ಒಂದು ಕೊಡೋ. ಚಿಕ್ಕಮ್ಮ ಮಾಡಿದ್ದು ಅಂತ ಗೊತ್ತಾದ್ಮೇಲೆ ಬಾಯಲ್ಲಿ ನೀರು ನಿಲ್ತಿಲ್ಲ."

ಶ್ರೀಶೈಲ ಸುತ್ತ ನೋಡಿದ. ಸೈಕಲ್ ಹೊಡೆಯುವವರು, ಐಸ್‌ಕ್ರೀಮ್ ತಿನ್ನುವವರು, ಬುರ್ಖಾ ಹೆಂಗಸರ ಗುಂಪು. ಬ್ಯಾಗಿನೊಳಗೇ ಕೈ ಹಾಕಿ, ಒಳಗೇ ಗಂಟು ಬಿಚ್ಚಿ, ಮುಷ್ಟಿಯಲ್ಲಿ ಒಂದು ಉಂಡೆ ಮುಚ್ಚಿ ಅವಳ ಸ್ಕಾರ್ಫಿನ ಸೆರಗಿನೊಳಗೆ ದಾಟಿಸಿದ. ಅವಳು ಅದನ್ನು ಮುರಿಯಲಿಲ್ಲ, ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬಿತು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಬೇಗ ನುಂಗು ಅಕ್ಕ."

ಅವಳು ತಲೆಯಾಡಿಸಿದಳು. ಬೇಗ ನುಂಗಲಾರೆ ಎಂದೋ, ನುಂಗಲೊಲ್ಲೆ ಎಂದೋ.

ಆಗಲೇ ಸೈಕಲ್ಲೊಂದು ಅವರ ಮುಂದೆ ಬಂದು ನಿಂತಿತು. ಶ್ರೀಶೈಲ ಮೊದಲು ನೋಡಿದ್ದು ಬೂಟು. ಆಮೇಲೆ ಬೆಲ್ಟು. ಆಮೇಲೆ ತೋಳಿನ ಮೇಲಿನ ಪಟ್ಟಿ. ಪೊಲೀಸು.

ಎಳೇ ವಯಸ್ಸಿನವನು, ತೆಳುಗಡ್ಡದವನು. ತಳ್ಳುಗಾಡಿಯೊಳಕ್ಕೆ ಬಗ್ಗಿ ಮಗುವನ್ನು ನೋಡಿ "ಮಾಶಾ ಅಲ್ಲಾ" ಎಂದು ಮೆಚ್ಚಿಕೊಂಡ. ಆಮೇಲೆ ರಂಜನಿಯ ಕಡೆ ತಿರುಗಿ, "ಬಾಯ್? ಗರ್ಲ್?" ಎಂದು ಕೇಳಿದ.

ರಂಜನಿ ಕಣ್ಣು ಬಿಟ್ಟಳು. ಬಾಯಿ ತೆರೆಯುವ ಹಾಗಿರಲಿಲ್ಲ. ತುಟಿ ಬಿಗಿಹಿಡಿದು ಅವನನ್ನೇ ನೋಡಿದಳು. ಅವಳ ಗಂಟಲು ಒಂದು ಸಲ ಏರಿ ಇಳಿಯಿತು, ಉಂಡೆ ಇಳಿಯಲಿಲ್ಲ. ಪೊಲೀಸನ ಮುಖದ ನಗು ಮೆಲ್ಲಗೆ ಪ್ರಶ್ನೆಯಾಗತೊಡಗಿತು.

ಶ್ರೀಶೈಲನ ತಲೆಯೊಳಗೆ ಒಂದೇ ಒಂದು ಇಂಗ್ಲಿಷ್ ಪದವಿರಲಿಲ್ಲ. ಒಂಬತ್ತನೇ ಕ್ಲಾಸಿನ ಕರೀಹಲಗೆಯ ಮುಂದೆ ನಿಂತ ಹಾಗೆ ಎಲ್ಲಾ ಅಳಿಸಿಹೋಗಿತ್ತು.

"ಗರ್ಲ್," ಎಂದ. ತನ್ನ ದನಿಯೇ ಎಂದು ನಂಬಲಾಗಲಿಲ್ಲ. "ಗರ್ಲ್ ಸಾರ್. ಮೈ ಸಿಸ್ಟರ್ ಬೇಬಿ. ನ್ಯೂ ಬೇಬಿ."

"ಅಂಡ್ ದ ಮದರ್? ಶಿ ಈಸ್ ಕ್ರೈಯಿಂಗ್. ಎನಿ ಪ್ರಾಬ್ಲಮ್?" ಪೊಲೀಸು ಈಗ ಶ್ರೀಶೈಲನನ್ನೇ ಮೇಲಿಂದ ಕೆಳಗೆ ನೋಡಿದ. ಈ ಗಂಡಸು ಇವಳನ್ನು ಅಳಿಸಿದ್ದಾನೋ ಎಂಬ ಅನುಮಾನ ಆ ನೋಟದಲ್ಲಿತ್ತು.

"ನೋ ಪ್ರಾಬ್ಲಮ್ ಸಾರ್. ಟೀತ್." ಶ್ರೀಶೈಲ ತನ್ನ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಮುಖ ಕಿವುಚಿ ತೋರಿಸಿದ. "ಸಿಸ್ಟರ್ ಟೀತ್ ಪೇನ್. ಟೂ ಮಚ್ ಪೇನ್. ಟಾಕಿಂಗ್ ನೋ."

ರಂಜನಿಯೂ ತಟ್ಟನೆ ಉಬ್ಬಿದ ಕೆನ್ನೆಯನ್ನು ಹಿಡಿದುಕೊಂಡಳು. ಪೊಲೀಸು ಅಯ್ಯೋ ಎನ್ನುವ ಹಾಗೆ ನಾಲಿಗೆ ಲೊಚಗುಟ್ಟಿದ. ಆದರೆ ಹೋಗಲಿಲ್ಲ. ಜೇಬಿನಿಂದ ಫೋನು ತೆಗೆದು, ಹತ್ತಿರದ ಔಷಧಿ ಅಂಗಡಿ ಎಲ್ಲಿದೆ ಎಂದು ನಿಧಾನವಾಗಿ ನಕ್ಷೆ ಹುಡುಕಿ, ಬೆರಳಿಟ್ಟು ಶ್ರೀಶೈಲನಿಗೆ ತೋರಿಸಿದ. ಅವನ ಮೊಣಕಾಲು ಬ್ಯಾಗಿಗೆ ತಗುಲುತ್ತಿತ್ತು. ತೆರೆದ ಜಿಪ್ಪಿನಿಂದ ತುಪ್ಪದ ವಾಸನೆ ಸಣ್ಣಗೆ ಏಳುತ್ತಿತ್ತು. ಶ್ರೀಶೈಲ ನಕ್ಷೆ ನೋಡುತ್ತ "ಎಸ್ ಸಾರ್, ಎಸ್ ಸಾರ್" ಎನ್ನುತ್ತಿದ್ದ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಗು ಎದ್ದು ಅಳತೊಡಗಿತು. ಪೊಲೀಸು ಅದಕ್ಕೆ ಕೈಯಾಡಿಸಿ ಟಾಟಾ ಮಾಡಿ, ಸೈಕಲ್ಲು ಹತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ.

ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ರಂಜನಿ ನುಂಗಿದಳು.

"ಟಾಕಿಂಗ್ ನೋ," ಎಂದಳು. ನಗು ಬಂತೋ ಅಳು ಬಂತೋ, ಸ್ಕಾರ್ಫನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗಿಸಿದಳು.

"ನಗಬೇಡ ಅಕ್ಕ. ಉಚ್ಚೆ ಬಂದ್ಬಿಟ್ಟಿತ್ತು ನಂಗೆ."

"ಇನ್ನೊಂದು ಕೊಡು."

"ಅಕ್ಕಾ!"

"ಕೊಡೋ. ಆಗಿದ್ದಾಗೋಯ್ತು. ಉಳಿದಿದ್ದು ನೀರಿಗೆ ಬಿಟ್ಟು ಬಾ. ಮನೆಗಂತೂ ಒಯ್ಯಕ್ಕಾಗಲ್ಲ."

ಅವಳು ಮಗುವಿಗೆ ಸೆರಗಿನ ಮರೆಯಲ್ಲಿ ಹಾಲು ಕೊಡುತ್ತ ಎರಡನೆಯದನ್ನು ಸಣ್ಣ ಸಣ್ಣ ತುಂಡು ಮಾಡಿ ತಿಂದಳು. ಶ್ರೀಶೈಲ ಪ್ಯಾಂಟು ಮಡಚಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕಾಲು ತೊಳೆಯಲು ಹೋದವನ ಹಾಗೆ ನೀರಿಗಿಳಿದ. ಬಗ್ಗಿ, ಡಬ್ಬಿಯನ್ನು ಮುಳುಗಿಸಿ, ನೀರೊಳಗೇ ಒಂದೊಂದು ಉಂಡೆಯನ್ನು ಹಿಸುಕಿದ. ಅಮ್ಮ ಬಿಗಿಯಾಗಿ ಕಟ್ಟಿದ್ದಳು, ಸುಲಭಕ್ಕೆ ಒಡೆಯಲಿಲ್ಲ. ಬೆಚ್ಚಗಿನ ನೀರು ಬೆರಳ ಸಂದಿಯಿಂದ ಪುಡಿಯನ್ನು ಒಯ್ಯುತ್ತ ಹೋಯಿತು. ಖಾಲಿ ಡಬ್ಬಿಯನ್ನು ಮರಳು ಹಾಕಿ ಉಜ್ಜಿ ಉಜ್ಜಿ ತೊಳೆದು, ಪಂಚೆಯ ತುಂಡನ್ನು ಹಿಂಡಿ ಕೊಡವಿ, ತಿರುಗಿ ಬಂದಾಗ ಆಕಾಶ ಕೆಂಪಾಗಿ, ದಂಡೆಯ ದೀಪಗಳು ಹತ್ತಿಕೊಂಡಿದ್ದವು.

ರಂಜನಿ ಎದ್ದು ನಿಂತಿದ್ದಳು. ಮಗು ಮಲಗಿತ್ತು.

"ಭಾವ ಕಂಡುಹಿಡಿತಾರೆ. ಹಲ್ಲಲ್ಲಿ ಏನಾದ್ರೂ ಉಳಿದಿದೆಯಾ ನೋಡು," ಎಂದು ಅವನ ಮುಂದೆ ಮುಖವೆತ್ತಿ ಬಾಯಿ ಅಗಲಿಸಿದಳು.

ಶ್ರೀಶೈಲ ಫೋನಿನ ಟಾರ್ಚು ಹಾಕಿ ಹಿಡಿದ. ಶುಂಠಿ, ಬೆಲ್ಲದ ಬಿಸಿಯುಸಿರು ಅವನ ಮುಖಕ್ಕೆ ಬಡಿಯಿತು. ಮೇಲೆ ನೋಡಿದ, ಕೆಳಗೆ ನೋಡಿದ. "ಇರು, ಅಲ್ಲಾಡಬೇಡ," ಎಂದ. ದವಡೆ ಹಲ್ಲಿನ ಸಂದಿಯಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ತೆಗೆದು ಬೆರಳ ತುದಿಯ ಮೇಲೆ ಬೆಳಕಿಗೆ ಹಿಡಿದ. ಇಬ್ಬರೂ ಬಗ್ಗಿ ನೋಡಿದರು. ಕಡಲಿನ ಕಡೆಯಿಂದ ಗಾಳಿ ಬೀಸಿತು. ಬೆರಳ ತುದಿ ಬರಿದಾಗಿತ್ತು. ಅದರ ಮೇಲೆ ಕಾಳಿನಷ್ಟಗಲ ತುಪ್ಪದ ಹೊಳಪು.